ಎಕ್ಸ್‌ಪೀರಿಯನ್ಸ್ ಕಾಲಂನಲ್ಲಿ ‘ನಿಲ್’ ಅಂತ ಬರೀಬೇಡಿ

ಹಾಸನದ ಒಂದು ಡಿಗ್ರಿ ಕಾಲೇಜಲ್ಲಿ ಫೈನಲ್ ಇಯರ್ ಮಕ್ಕಳ ಜೊತೆ ರೆಸ್ಯೂಮ್ ಬಗ್ಗೆ ಮಾತಾಡಿದ್ದೆ. ಆಮೇಲೆ ಸುಮಾರು ಜನ ನೋಟ್ಸ್ ಕೊಡಿ ಮೇಡಂ ಅಂತ ಕೇಳಿದ್ರು, ನೋಟ್ಸ್ ಅಂತ ಏನೂ ಮಾಡ್ಕೊಂಡಿರಲಿಲ್ಲ, ಹಂಗಾಗಿ ಅಲ್ಲಿ ಆಡಿದ ಮಾತನ್ನೇ ಹೆಚ್ಚುಕಮ್ಮಿ ಹಂಗೇ ಬರೆದು ಹಾಕ್ತಿದೀನಿ. ಕೊನೇಲಿ ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಚ್‌ಆರ್ ಕೆಲಸ ಮಾಡ್ತೀನಿ. ನಿಮ್ಮ ವಯಸ್ಸಿನವರು ಕಳಿಸೋ ರೆಸ್ಯೂಮ್ ಓದೋದೇ ನನ್ನ ಕೆಲಸದಲ್ಲಿ ದೊಡ್ಡ ಪಾಲು. ಹಾಸನ, ಸಕಲೇಶಪುರ, ಬೇಲೂರು, ಅರಕಲಗೂಡು, ಆ ಕಡೆ ಮೂಡಿಗೆರೆ, ಚಿಕ್ಕಮಗಳೂರು, ಎಲ್ಲಾ ಕಡೆಯಿಂದ ಬರ್ತವೆ. ಇಷ್ಟೂ ರೆಸ್ಯೂಮ್‌ಗಳಲ್ಲಿ ನನಗೆ ಬಹಳ ಬೇಜಾರು ತರೋದು ಸ್ಪೆಲಿಂಗ್ ತಪ್ಪಲ್ಲ, ಮಾರ್ಕ್ಸ್ ಕಮ್ಮಿ ಇರೋದೂ ಅಲ್ಲ. ‘ವರ್ಕ್ ಎಕ್ಸ್‌ಪೀರಿಯನ್ಸ್: ನಿಲ್’ ಅನ್ನೋ ಒಂದು ಸಾಲು. ಅದನ್ನ ಬರೆದಿರೋ ಮಕ್ಕಳಲ್ಲಿ ಮುಕ್ಕಾಲು ಪಾಲು ಹತ್ತನೇ ಕ್ಲಾಸಿಂದಲೇ ಏನಾದ್ರೂ ಒಂದು ಕೆಲಸ ಮಾಡಿರ್ತಾರೆ. ನಮ್ಮ ಜಿಲ್ಲೆಲಿ ರಜದಲ್ಲಿ ಸುಮ್ನೆ ಕೂತು ಬೆಳೆದ ಮಕ್ಕಳು ಎಷ್ಟು ಜನ ಇದಾರೆ ಹೇಳಿ? ಆದ್ರೆ ಅಪ್ಪನ ಅಂಗಡಿಲಿ ಮಾಡಿದ್ದು, ತೋಟದಲ್ಲಿ ಮಾಡಿದ್ದು, ಮಾವನ ಹೋಂಸ್ಟೇಲಿ ಮಾಡಿದ್ದು ಕೆಲಸಾನೇ ಅಲ್ಲ ಅಂತ ನಾವು ಮೊದಲಿಂದ ನಂಬ್ಕೊಂಡು ಬಂದಿದೀವಿ.

ಒಬ್ಬಳ ವಿಷಯ ಹೇಳ್ತೀನಿ, ಹೆಸರು ಬೇಡ. ಮೂಡಿಗೆರೆ ಕಡೆಯವಳು, ಬಿಕಾಂ ಮುಗಿಸಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಬಂದಿದ್ಲು. ರೆಸ್ಯೂಮ್‌ನಲ್ಲಿ ಅದೇ ‘ನಿಲ್’. ನಾನು ಕೇಳ್ದೆ, ರಜದಲ್ಲಿ ಏನಮ್ಮಾ ಮಾಡ್ತಿದ್ದೆ ಅಂತ. ಏನಿಲ್ಲ ಮೇಡಂ, ಮನೇಲೇ ಇರ್ತಿದ್ದೆ ಅಂದ್ಲು. ಅಪ್ಪ ಏನ್ ಮಾಡ್ತಾರೆ? ಎಸ್ಟೇಟಲ್ಲಿ ರೈಟ್ರು ಮೇಡಂ. ಅವರಿಗೆ ಏನಾದ್ರೂ ಸಹಾಯ ಮಾಡ್ತಿದ್ಯಾ? ಹ್ಞೂ ಮೇಡಂ, ಕುಯ್ಲಿನ ಟೈಮಲ್ಲಿ ಲೆಕ್ಕ ನಾನೇ ಬರೀತಿದ್ದೆ.

ಎಸ್ಟೇಟ್ ಗೊತ್ತಿಲ್ಲದವರಿಗೆ ಹೇಳ್ತೀನಿ, ರೈಟ್ರು ಅಂದ್ರೆ ಅಲ್ಲಿ ಲೆಕ್ಕ ಬರೆಯೋರು, ಕುಯ್ಲಿನ ಲೆಕ್ಕ ಅಂದ್ರೆ ಸಣ್ಣ ವಿಷಯ ಅಲ್ಲ. ನವೆಂಬರ್ ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗ್ತದೆ, ಅದಾದ್ಮೇಲೆ ಜನವರಿಯಿಂದ ರೋಬಸ್ಟಾ. ಸಾಯಂಕಾಲ ಒಬ್ಬೊಬ್ಬರೂ ಬಿಡಿಸಿದ ಹಣ್ಣು ತೂಕ ಹಾಕಿ ಹೆಸರಿನ ಮುಂದೆ ಕೇಜಿ ಬರೀಬೇಕು, ವಾರಕ್ಕೊಮ್ಮೆ ಬಟವಾಡೆ, ಅದರಲ್ಲಿ ಮುಂಚೆ ಅಡ್ವಾನ್ಸ್ ತಗೊಂಡಿರೋರ ದುಡ್ಡು ಹಿಡೀಬೇಕು, ಕೇಜಿ ಲೆಕ್ಕದವರು ಬೇರೆ, ದಿನಗೂಲಿಯವರು ಬೇರೆ, ಒಂದು ರೂಪಾಯಿ ಆಚೆ ಈಚೆ ಆದ್ರೂ ಬಟವಾಡೆ ದಿನ ಗಲಾಟೆ. ಈ ಹುಡುಗಿ ಅಪ್ಪನ ಪುಸ್ತಕದ ಲೆಕ್ಕಾನ ಕಾಲೇಜಲ್ಲಿ ಕಲಿತ ಎಕ್ಸೆಲ್‌ಗೆ ಹಾಕಿದ್ಲು. ಜೊತೆಗೆ ಪಲ್ಪರ್‌ಗೆ, ಅಂದ್ರೆ ಹಣ್ಣಿನ ಸಿಪ್ಪೆ ತೆಗೆಯೋ ಯಂತ್ರಕ್ಕೆ ಹೋದ ಹಣ್ಣು, ಕಣದಲ್ಲಿ ಹರವಿದ ಹಣ್ಣು ಎರಡನ್ನೂ ಕೂಡಿಸಿ ಬಿಡಿಸಿದವರ ಒಟ್ಟು ತೂಕಕ್ಕೆ ದಿನಾ ತಾಳೆ ನೋಡ್ತಿದ್ಲು. ಹಿಂಗೆ ತಾಳೆ ನೋಡೋದಕ್ಕೆ ಅಕೌಂಟ್ಸಲ್ಲಿ ರೀಕನ್ಸಿಲಿಯೇಶನ್ ಅಂತಾರೆ, ಬಟವಾಡೆ ಲೆಕ್ಕಕ್ಕೆ ಪೇರೋಲ್ ಅಂತಾರೆ, ನಾವು ಆ ಸೀಟಿಗೆ ಹುಡುಕ್ತಿದ್ದಿದ್ದೇ ಅಂಥವರನ್ನ. ಅವಳ ಹಾಳೆ ಮೇಲೆ ಇದರಲ್ಲಿ ಒಂದಕ್ಷರಾನೂ ಇರಲಿಲ್ಲ! ಬದಲಿಗೆ ‘ಹಾಬೀಸ್: ಲಿಸನಿಂಗ್ ಟು ಮ್ಯೂಸಿಕ್’ ಅಂತಿತ್ತು.

ಆವತ್ತೇ ಕೂತು ಅವಳ ಕೈಲೇ ಬರೆಸಿದೆ. ಮೊದಲು ಕನ್ನಡದಲ್ಲಿ, ಹಿಂಗೆ:

‘ಕಾಫಿ ಎಸ್ಟೇಟ್, ಮೂಡಿಗೆರೆ ತಾಲ್ಲೂಕು. ಲೆಕ್ಕ ಬರೆಯುವುದರಲ್ಲಿ ತಂದೆಗೆ ಸಹಾಯ, ಎರಡು ಕುಯ್ಲಿನ ಸೀಸನ್, ನವೆಂಬರ್‌ನಿಂದ ಫೆಬ್ರವರಿ. ಸುಮಾರು 45 ಕೆಲಸಗಾರರ ದಿನದ ತೂಕ, ವಾರದ ಬಟವಾಡೆ ಮತ್ತು ಅಡ್ವಾನ್ಸ್ ಕಡಿತದ ಲೆಕ್ಕ. ಪುಸ್ತಕದ ಲೆಕ್ಕವನ್ನು ಎಕ್ಸೆಲ್‌ಗೆ ತಂದೆ. ಬಿಡಿಸಿದ ತೂಕ ಮತ್ತು ಕಣಕ್ಕೆ ಬಂದ ತೂಕ ದಿನವೂ ತಾಳೆ ನೋಡುತ್ತಿದ್ದೆ.’

ಇಷ್ಟೇ. ಇದರಲ್ಲಿ ಸುಳ್ಳು ಒಂದೂ ಇಲ್ಲ, ಉತ್ಪ್ರೇಕ್ಷೆ ಇಲ್ಲ, ‘ಅಕೌಂಟ್ಸ್ ಮ್ಯಾನೇಜರ್’ ಅಂತ ದೊಡ್ಡ ಹೆಸರೂ ಇಟ್ಕೊಂಡಿಲ್ಲ, ತಂದೆಗೆ ಸಹಾಯ ಅಂತ ಇದ್ದಿದ್ದು ಇದ್ದಂಗೇ ಬರೆದಿದಾಳೆ. ಆದ್ರೂ ಓದಿದವರಿಗೆ ಮೂರು ವಿಷಯ ಗೊತ್ತಾಗೋಗುತ್ತೆ, ದುಡ್ಡಿನ ಲೆಕ್ಕ ನಂಬಿ ಕೊಡಬಹುದು, ಎಕ್ಸೆಲ್ ಬರುತ್ತೆ, ತಪ್ಪು ಹುಡುಕೋ ಅಭ್ಯಾಸ ಇದೆ.

ಹಂಗಾಗಿ ಮನೆಗೆ ಹೋದ್ಮೇಲೆ ಕಂಪ್ಯೂಟರ್ ಮುಟ್ಟೋಕೆ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಐದು ವರ್ಷದಲ್ಲಿ ನಿಮ್ಮ ಕೈಲಾದ ಕೆಲಸ ಎಲ್ಲಾ ಬರೀರಿ, ಸಂಬಳ ಬಂದಿದ್ದು, ಬರದೇ ಇದ್ದಿದ್ದು ಎರಡೂ. ಬರೆದಾದ್ಮೇಲೆ ಒಂದೊಂದರ ಮುಂದೆ, ಎಷ್ಟು? ಎಷ್ಟು ದಿನಕ್ಕೊಮ್ಮೆ? ಯಾವುದರಲ್ಲಿ ಮಾಡ್ದೆ? ನಾನು ಮಾಡಿದ್ರಿಂದ ಏನು ಸರಿಹೋಯ್ತು? ಅಂತ ಕೇಳ್ಕೊಳ್ಳಿ. ಸಕಲೇಶಪುರದ ಒಬ್ಬ ಹುಡುಗ ‘ಹೋಂಸ್ಟೇ ವರ್ಕ್’ ಅಂತ ಎರಡೇ ಪದ ಬರೆದಿದ್ದ. ಕೇಳ್ತಾ ಹೋದ್ರೆ ಆರು ರೂಮಿನ ಬುಕಿಂಗ್ ಫೋನ್, ವಾಟ್ಸಾಪ್ ಎಲ್ಲಾ ಅವನೇ ನೋಡ್ಕೊತಿದ್ದ, ಬೆಂಗಳೂರಿಂದ ಬರೋರ ಜೊತೆ ಇಂಗ್ಲಿಷು, ಹಿಂದಿ ಮಾತಾಡ್ತಿದ್ದ, ರೂಮಿಗೆ ಬಂದವರು ಸಿಟ್ಟಾದಾಗ ಸಮಾಧಾನ ಮಾಡೋದೂ ಅವನೇ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಜನರೇಟರ್ ನೋಡೋದೂ ಅವನೇ. ಅವನು ಅರ್ಜಿ ಹಾಕಿದ್ದು ಆಸ್ಪತ್ರೆ ಫ್ರಂಟ್ ಆಫೀಸಿಗೆ, ಅಲ್ಲಿ ಬೇಕಿರೋದೂ ಇದೇ ಗುಣ ತಾನೇ. ಹಾಲಿನ ಡೇರಿಲಿ ಫ್ಯಾಟ್ ಟೆಸ್ಟ್ ಮಾಡಿ ಬರೀತಿದ್ರೆ, ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೀತಿದ್ರೆ, ಆಲೂಗೆಡ್ಡೆ ಸೀಸನ್ನಲ್ಲಿ ಮಂಡಿಲಿ ಬಿಲ್ ಹಾಕ್ತಿದ್ರೆ, ಎನ್‌ಎಸ್‌ಎಸ್ ಕ್ಯಾಂಪಲ್ಲಿ ನೂರು ಜನರ ಊಟದ ಸಾಮಾನು ತರೋ ಜವಾಬ್ದಾರಿ ನಿಮ್ಮದಾಗಿದ್ರೆ, ಎಲ್ಲಾ ಬರೀರಿ. ನಾಚಿಕೆ ಬೇಡ.

ಸರಿ, ಎಲ್ಲಾ ಬರೆದ್ರಿ, ನೋಟ್‌ಬುಕ್ ತುಂಬ್ತು. ಅಷ್ಟನ್ನೂ ರೆಸ್ಯೂಮ್‌ಗೆ ತುರುಕ್ಬೇಡಿ, ಆರಿಸಬೇಕು. ಯಾವುದನ್ನ ಆರಿಸೋದು ಅನ್ನೋದಕ್ಕೆ ಒಂದು ಹಳೇ ಉದಾಹರಣೆ ಇದೆ, ನನಗೆ ತುಂಬಾ ಇಷ್ಟ. ಲಿಯೊನಾರ್ಡೊ ಡಾ ವಿಂಚಿ ಗೊತ್ತಲ್ಲ, ಇಟಲಿಯ ಚಿತ್ರಕಾರ. ಸುಮಾರು 1482ರಲ್ಲಿ, ಅವನಿಗೆ ಮೂವತ್ತು ವರ್ಷ ಇದ್ದಾಗ, ಮಿಲಾನ್ ಆಳ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಬರೆದ. ಅಂಥಾ ಚಿತ್ರಕಾರ, ಪತ್ರದಲ್ಲಿ ಮೊದಲು ಏನು ಬರೆದಿದಾನೆ ಗೊತ್ತಾ? ಹಗುರವಾದ, ಬೇಗ ಹೊತ್ತು ಸಾಗಿಸಬಹುದಾದ ಸೇತುವೆ ಕಟ್ಟೋಕೆ ಬರುತ್ತೆ ಅಂತ. ಆಮೇಲೆ ಕೋಟೆ ಕಂದಕದ ನೀರು ತೆಗೆಯೋದು, ಫಿರಂಗಿ, ಮುಚ್ಚಿದ ಯುದ್ಧರಥ, ಹಿಂಗೇ ಸಾಲಾಗಿ. ಚಿತ್ರ ಬರೆಯೋದು, ಶಿಲ್ಪ ಮಾಡೋದು ಕೊನೇಲಿ ಬರುತ್ತೆ, ಶಾಂತಿ ಕಾಲದಲ್ಲಿ ಇದನ್ನೂ ಮಾಡ್ತೀನಿ ಅಂತ. ಯಾಕೆ ಹಂಗೆ? ಆ ಕಾಲದಲ್ಲಿ ಇಟಲಿ ತುಂಬಾ ಜಗಳ, ಯುದ್ಧ, ಆಳೋನಿಗೆ ತಲೆಬಿಸಿ ಇದ್ದಿದ್ದು ಅದರ ಬಗ್ಗೆ. ತನಗೆ ಏನು ಇಷ್ಟ ಅಂತಲ್ಲ, ಓದೋನಿಗೆ ಏನು ಬೇಕು ಅನ್ನೋದನ್ನ ಮೇಲಿಟ್ಟ. ಕೊನೇಗೆ ಇನ್ನೊಂದು ಮಾತು ಬರೆದಿದಾನೆ, ಇದರಲ್ಲಿ ಯಾವುದಾದ್ರೂ ಆಗಲ್ಲ ಅನಿಸಿದ್ರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸ್ತೀನಿ ಅಂತ. ಫ್ರೆಷರ್ ಆದವರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ‘ಬೇಕಿದ್ರೆ ಒಂದು ಎಕ್ಸೆಲ್ ಶೀಟ್ ಕೊಡಿ, ಮಾಡಿ ತೋರಿಸ್ತೀನಿ’ ಅನ್ನೋ ಥರ ಮೇಲ್‌ನಲ್ಲಿ ಒಂದು ಸಾಲು ಬರೆದ್ರೆ ನಾನಂತೂ ಕರೀತೀನಿ.

ಅದಕ್ಕೇ ಜಾಹೀರಾತನ್ನ ಎರಡು ಸಲ ಓದಿ. ಅದರಲ್ಲಿ ‘ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್ಸ್, ಇ-ವೇ ಬಿಲ್’ ಅಂತ ಇದ್ರೆ, ನಿಮಗೆ ನಿಜವಾಗ್ಲೂ ಬರೋದಾದ್ರೆ, ಅದೇ ಪದಗಳಲ್ಲಿ ಬರೀರಿ. ‘ಅಕೌಂಟಿಂಗ್ ಸಾಫ್ಟ್‌ವೇರ್ ಜ್ಞಾನ’ ಅಂತ ಸುತ್ತಿಬಳಸಿ ಬರೆದ್ರೆ ದೊಡ್ಡ ಕಂಪ್ನಿಗಳ ಸಾಫ್ಟ್‌ವೇರಲ್ಲಿ ಟ್ಯಾಲಿ ಅಂತ ಹುಡುಕಿದಾಗ ನಿಮ್ಮ ರೆಸ್ಯೂಮ್ ಬರೋದೇ ಇಲ್ಲ. ಒಂದೇ ರೆಸ್ಯೂಮ್ ಎಲ್ಲಾ ಕಡೆ ಕಳಿಸೋದು ಬಿಡಿ, ನೋಟ್‌ಬುಕ್ ಒಂದಿರಲಿ, ಅದರಿಂದ ಬ್ಯಾಂಕಿನ ಕೆಲಸಕ್ಕೆ ಒಂದು, ಶೋರೂಮಿಗೆ ಒಂದು ಆರಿಸಿ ಮಾಡ್ಕೊಳ್ಳಿ.

ಇನ್ನು ಸೈಬರ್ ಸೆಂಟರ್ ವಿಷಯ. ಬಸ್ ಸ್ಟ್ಯಾಂಡ್ ಹತ್ರ, ಕಾಲೇಜ್ ಮುಂದೆ ಎಲ್ಲಾ ಕಡೆ ಐವತ್ತು ನೂರು ರೂಪಾಯಿಗೆ ರೆಸ್ಯೂಮ್ ಮಾಡಿಕೊಡ್ತಾರೆ, ಅವರ ಮೇಲೆ ನನಗೆ ದೂರಿಲ್ಲ, ಟೈಪಿಂಗ್ ಕೆಲಸ ಅವರು ಚೆನ್ನಾಗೇ ಮಾಡ್ತಾರೆ. ಆದ್ರೆ ಹಳೇ ಫೈಲ್ ತೆಗೆದು ಹೆಸರು, ಮಾರ್ಕ್ಸ್ ಮಾತ್ರ ಬದಲಾಯಿಸಿ ಪ್ರಿಂಟ್ ಕೊಟ್ರೆ, ಹತ್ತು ಜನರ ಕರಿಯರ್ ಆಬ್ಜೆಕ್ಟಿವ್ ಪದಕ್ಕೆ ಪದ ಒಂದೇ ಇರುತ್ತೆ, ‘ಟು ವರ್ಕ್ ಇನ್ ಎ ಚಾಲೆಂಜಿಂಗ್ ಎನ್ವಿರಾನ್ಮೆಂಟ್’ ಅಂತ. ಇನ್ನೊಬ್ಬರ ಊರಿನ ಹೆಸರು, ಕೊನೇಲಿ ‘ಮೇಲಿರೋದೆಲ್ಲಾ ನಿಜ’ ಅಂತ ಬರೆಯೋ ಡಿಕ್ಲರೇಶನ್ ಕೆಳಗೆ ಹಂಗೇ ಉಳಿದಿರೋದನ್ನೂ ನೋಡಿದೀನಿ. ಆ ಆಬ್ಜೆಕ್ಟಿವ್ ಬದಲು ಎರಡು ಸಾಲು ನಿಮ್ಮದೇ ಬರೀರಿ, ಯಾವ ಕೆಲಸಕ್ಕೆ ಹಾಕ್ತಿದೀರಿ, ಅದಕ್ಕೆ ನಿಮ್ಮ ಹತ್ರ ಏನಿದೆ. ‘ಬಿಕಾಂ, ಟ್ಯಾಲಿ ಕಲಿತಿದೀನಿ, ಎರಡು ಸೀಸನ್ ಎಸ್ಟೇಟ್ ಲೆಕ್ಕ ಬರೆದಿದೀನಿ, ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ’ ಅಂತ ಇಂಗ್ಲಿಷಲ್ಲಿ ಬರೆದ್ರೆ ಸಾಕು. ಟೈಪ್ ಮಾಡಿಸೋದು ಅಲ್ಲೇ ಮಾಡಿಸಿ, ಒಳಗಿನ ಮಾತು ನಿಮ್ಮದಿರಲಿ, ಮತ್ತೆ ವರ್ಡ್ ಫೈಲನ್ನ ನಿಮ್ಮ ಮೇಲ್‌ಗೆ ಹಾಕಿಸ್ಕೊಂಡು ಬನ್ನಿ, ಪ್ರಿಂಟ್ ಒಂದೇ ತಗೊಂಡು ಬಂದ್ರೆ ಮುಂದಿನ ಸಲ ತಿದ್ದೋಕೆ ಏನೂ ಇರಲ್ಲ.

ಏನೇನು ಬೇಡ ಅನ್ನೋದು ಬೇಗ ಹೇಳ್ತೀನಿ. ಆಧಾರ್ ನಂಬರ್ ಬೇಡ, ಪ್ಯಾನ್ ಬೇಡ. ಇದು ಬಹಳ ಮುಖ್ಯ, ಯಾಕಂದ್ರೆ ರೆಸ್ಯೂಮ್ ಎಷ್ಟು ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ, ಯಾರ ಫೋನಲ್ಲಿ ಕೂತಿರುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಕೆಲಸ ಸಿಕ್ಕಮೇಲೆ ಜಾಯಿನಿಂಗ್ ದಿನ ಕೊಟ್ರೆ ಸಾಕು. ಜಾತಿ, ಧರ್ಮ, ಮದುವೆ ಆಗಿದೆಯೋ ಇಲ್ವೋ, ಅಪ್ಪನ ಕೆಲಸ, ಎತ್ತರ ತೂಕ ಯಾವುದೂ ಬೇಡ. ಮನೆ ನಂಬರ್ ಸಮೇತ ಅಡ್ರೆಸ್ ಬೇಡ, ಊರು ತಾಲ್ಲೂಕು ಸಾಕು, ಹೆಣ್ಣುಮಕ್ಕಳಂತೂ ಇದನ್ನ ಗಮನ ಇಟ್ಟು ತೆಗೀರಿ. ಫೋಟೋ, ಕೇಳಿದ್ರೆ ಮಾತ್ರ. ಡಿಕ್ಲರೇಶನ್ ಬೇಕಾ ಅಂತ ಕೇಳ್ತಾರೆ, ಜಾಗ ಇದ್ರೆ ಇರಲಿ, ಇಲ್ದಿದ್ರೆ ತೆಗೀರಿ. ಮೇಲ್ ಐಡಿ ನಿಮ್ಮ ಹೆಸರಲ್ಲಿರಲಿ, ಪಿಯುಸಿಲಿ ಮಾಡಿದ ಪ್ರಿನ್ಸ್, ಏಂಜಲ್ ಅನ್ನೋ ಐಡಿಗಳು ಬೇಡ. ಅದನ್ನ ದಿನಾ ತೆಗೆದು ನೋಡಿ, ಸ್ಪ್ಯಾಮ್ ಫೋಲ್ಡರ್‌ನೂ ನೋಡಿ, ಎಷ್ಟೋ ಇಂಟರ್ವ್ಯೂ ಕಾಲ್ ಅಲ್ಲೇ ಕೊಳೀತಿರ್ತವೆ.

ಭಾಷೆಗಳನ್ನ ಮಾತ್ರ ಚೆನ್ನಾಗಿ ಬರೀರಿ. ನಮ್ಮ ಕಡೆ ಒಂದೇ ಮನೇಲಿ ಕನ್ನಡ, ತುಳು, ಉರ್ದು, ತಮಿಳು, ಮಲಯಾಳಂ ಗೊತ್ತಿರೋರು ಇದಾರೆ. ಎಸ್ಟೇಟ್‌ಗಳಿಗೆ ಈಗ ಅಸ್ಸಾಂ ಕಡೆಯಿಂದ ಕೆಲಸಗಾರರು ಬರ್ತಾರೆ, ಅವರ ಜೊತೆ ಹಿಂದಿಲಿ ವ್ಯವಹಾರ ಮಾಡೋರು ಸೂಪರ್‌ವೈಸರ್ ಕೆಲಸಕ್ಕೆ ಬೇಕೇ ಬೇಕು. ಓದೋಕೆ ಬರುತ್ತಾ, ಬರೆಯೋಕೆ ಬರುತ್ತಾ, ಮಾತಾಡೋಕೆ ಮಾತ್ರಾನಾ ಅಂತ ಬಿಡಿಸಿ ಹಾಕಿ.

ನೋಡೋಕೆ ಹೆಂಗಿರಬೇಕು ಅಂದ್ರೆ, ಸಾದಾ. ಫ್ರೆಷರ್‌ಗೆ ಒಂದು ಪುಟ ಸಾಕು. 11 ಅಥವಾ 12 ಸೈಜಿನ ಸಾಮಾನ್ಯ ಫಾಂಟ್, ಕಪ್ಪು ಅಕ್ಷರ. ಈಗ ಮೊಬೈಲ್ ಆಪ್‌ಗಳಲ್ಲಿ ಬಣ್ಣಬಣ್ಣದ ಎರಡು ಕಾಲಂ ಡಿಸೈನ್ ಸಿಗ್ತವೆ, ಸ್ಕಿಲ್ ಮುಂದೆ ಪಟ್ಟಿ ಬಿಡಿಸಿ 80 ಪರ್ಸೆಂಟ್ ಅಂತ ತೋರಿಸ್ತಾರೆ, ಎಕ್ಸೆಲ್ 80 ಪರ್ಸೆಂಟ್ ಅಂದ್ರೆ ನನಗೆ ಏನೂ ಅರ್ಥ ಆಗಲ್ಲ, ಪೈವಟ್ ಟೇಬಲ್ ಮಾಡ್ತೀನಿ, ವಿ-ಲುಕಪ್ ಬರುತ್ತೆ ಅಂದ್ರೆ ಅರ್ಥ ಆಗುತ್ತೆ. ದೊಡ್ಡ ಕಂಪ್ನಿಗಳಲ್ಲಿ ರೆಸ್ಯೂಮನ್ನ ಮೊದಲು ಎಟಿಎಸ್ ಅನ್ನೋ ಸಾಫ್ಟ್‌ವೇರ್ ಓದುತ್ತೆ, ಹೆಸರು, ಓದು, ಸ್ಕಿಲ್ ಬೇರೆಬೇರೆ ಮಾಡಿ ಇಟ್ಕೊಳ್ಳುತ್ತೆ. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್ ಇದ್ರೆ ಕೆಲವು ಸಲ ಸಾಲುಗಳು ಕಲಸಿಹೋಗ್ತವೆ. ಪರೀಕ್ಷೆ ಮಾಡೋದು ಸುಲಭ: ನಿಮ್ಮ ಪಿಡಿಎಫ್ ತೆಗೀರಿ, ಪೂರ್ತಿ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ. ಅಲ್ಲಿ ಸಾಲಾಗಿ ಓದೋಕೆ ಬಂದ್ರೆ ಸರಿ. ಏನೂ ಸೆಲೆಕ್ಟೇ ಆಗಲಿಲ್ಲ ಅಂದ್ರೆ ಅದು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಫೋಟೋ, ಅಕ್ಷರ ಇಲ್ಲ. ಕನ್ನಡದಲ್ಲಿ ರೆಸ್ಯೂಮ್ ಕೇಳೋ ಕಡೆ, ಪತ್ರಿಕೆ, ಸಂಘ ಸಂಸ್ಥೆ ಇಂಥ ಕಡೆ, ಯುನಿಕೋಡಲ್ಲೇ, ಅಂದ್ರೆ ಎಲ್ಲಾ ಕಂಪ್ಯೂಟರಲ್ಲೂ ಓದೋಕೆ ಬರೋ ಅಕ್ಷರದಲ್ಲೇ ಟೈಪ್ ಮಾಡಿಸಿ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಎನ್‌ಕೋಡಿಂಗಲ್ಲಿ ಮಾಡಿದ ವರ್ಡ್ ಫೈಲ್ ಕಳಿಸಿದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ನಿಮ್ಮ ಹೆಸರೇ ಓದೋಕಾಗಲ್ಲ.

ಇಂಗ್ಲಿಷ್ ಭಯದ ಬಗ್ಗೆ ಮಾತಾಡಲೇಬೇಕು. ಕನ್ನಡ ಮೀಡಿಯಂ ಮಕ್ಕಳು ತುಂಬಾ ಜನ ಇದೀರಿ, ನಾನೂ ಕನ್ನಡ ಮೀಡಿಯಮ್ಮೇ. ಮೊದಲು ಕನ್ನಡದಲ್ಲಿ ಬರೀರಿ ಅಂತ ನಾನು ಹೇಳೋದು ಅದಕ್ಕೇನೇ, ಇಂಗ್ಲಿಷಲ್ಲಿ ಶುರು ಮಾಡಿದ್ರೆ ಗೊತ್ತಿರೋ ನಾಲ್ಕು ಪದಗಳೊಳಗೆ ನಿಮ್ಮ ಕೆಲಸ ಸಿಕ್ಕಾಕೊಳ್ಳುತ್ತೆ, ಕನ್ನಡದಲ್ಲಾದ್ರೆ ಮಾಡಿದ್ದೆಲ್ಲಾ ಹೊರಗೆ ಬರುತ್ತೆ. ಆಮೇಲೆ ಚಿಕ್ಕಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ, ಮೇಷ್ಟ್ರಿಗೆ ತೋರಿಸಿ. ಚಾಟ್‌ಜಿಪಿಟಿ ಬಳಸಬಹುದಾ? ವ್ಯಾಕರಣ ತಿದ್ದೋಕೆ ಧಾರಾಳವಾಗಿ ಬಳಸಿ. ಆದ್ರೆ ‘ನನಗೊಂದು ರೆಸ್ಯೂಮ್ ಬರ್ಕೊಡು’ ಅಂದ್ರೆ ನೀವು ಮಾಡಿರದ ಕೆಲಸಾನೂ ಚಂದವಾಗಿ ಬರ್ಕೊಡುತ್ತೆ, ಇಂಟರ್ವ್ಯೂಲಿ ಆ ಪದದ ಅರ್ಥ ಕೇಳಿದಾಗ ಬಾಯಿ ಕಟ್ಟೋಗುತ್ತೆ. ಹಾಳೆ ಮೇಲಿರೋ ಪ್ರತಿ ಸಾಲಿಗೂ ಎರಡು ನಿಮಿಷ ನಿಮ್ಮ ಮಾತಲ್ಲಿ ಹೇಳೋಕೆ ಬರಬೇಕು, ಬರದಿದ್ರೆ ಆ ಸಾಲು ತೆಗೀರಿ.

ಸುಳ್ಳು ಬರೀಲೇಬೇಡಿ. ಇದು ನೀತಿಪಾಠಕ್ಕೆ ಹೇಳ್ತಿಲ್ಲ, ಸಿಕ್ಕಿಬೀಳ್ತೀರಿ ಅಂತ ಹೇಳ್ತಿದೀನಿ. ಮಾರ್ಕ್ಸ್ ಕಾರ್ಡ್ ಯೂನಿವರ್ಸಿಟಿಗೆ ಕಳಿಸಿ ವಿಚಾರಿಸ್ತಾರೆ. ಎಲ್ಲೋ ಒಂದು ವರ್ಷ ಕೆಲಸ ಮಾಡಿದೆ ಅಂದ್ರೆ ಯುಎಎನ್, ಅಂದ್ರೆ ಒಬ್ಬರಿಗೆ ಒಂದೇ ಇರೋ ಪಿಎಫ್ ನಂಬರ್ ಕೇಳ್ತಾರೆ, 2014ರಿಂದ ಆ ನಂಬರ್ ಇದೆಯಲ್ಲ, ಪಿಎಫ್ ಕಟ್ಟಿರೋ ಕಂಪ್ನಿ ಯಾವುದು, ಸೇರಿದ್ದು ಬಿಟ್ಟಿದ್ದು ಯಾವಾಗ, ಎಲ್ಲಾ ಅದರಲ್ಲಿ ಕಾಣುತ್ತೆ. ಮೂರು ತಿಂಗಳನ್ನ ಒಂದು ವರ್ಷ ಅಂತ ಬರೆದು, ಆಫರ್ ಲೆಟರ್ ಬಂದಮೇಲೆ ಕೆಲಸ ಕಳ್ಕೊಂಡ ಮಕ್ಕಳನ್ನ ನೋಡಿದಾಗ ಸಂಕಟ ಆಗುತ್ತೆ. ಮೂರು ತಿಂಗಳು ಅಂತಲೇ ಬರೆದಿದ್ರೂ ಆ ಕೆಲಸ ಸಿಗ್ತಿತ್ತು.

ಕಳಿಸೋದು ಹೆಂಗೆ ಅಂದ್ರೆ, ಫೈಲಿಗೆ ನಿಮ್ಮ ಹೆಸರು, ಕೆಲಸದ ಹೆಸರು ಇಡಿ. ‘ನ್ಯೂ ರೆಸ್ಯೂಮ್ ಫೈನಲ್ 2’ ಅನ್ನೋ ಫೈಲ್ ನನ್ನ ಕಂಪ್ಯೂಟರಲ್ಲಿ ರಾಶಿ ಬಿದ್ದಿವೆ, ಯಾರದ್ದು ಅಂತ ತೆಗೆದೇ ನೋಡಬೇಕು. ವಾಟ್ಸಾಪಲ್ಲಿ ಕೇಳಿದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಹೊಡೆದು ಕಳಿಸ್ಬೇಡಿ. ಮೇಲ್ ಖಾಲಿ ಬಿಡಬೇಡಿ, ಮೂರು ಸಾಲು ಬರೀರಿ, ಯಾವ ಕೆಲಸಕ್ಕೆ, ನೀವು ಯಾರು, ಯಾವತ್ತಿಂದ ಸೇರಬಹುದು.

ಆಮೇಲೆ ಪ್ರಶ್ನೆ ಕೇಳಿದ್ರು. ಎಲ್ಲಾ ಬರೆಯೋಕಾಗಲ್ಲ, ಮೂರು ಮಾತ್ರ ಬರೀತೀನಿ.

ಒಬ್ಬಳು ಕೇಳಿದ್ದು, ‘ಮೇಡಂ, ನಾವು ಎಲ್ಲಿಗೆ ಕಳಿಸೋದು, ಏಜೆಂಟ್ ಒಬ್ರು ಎರಡು ಸಾವಿರ ಕೇಳ್ತಿದಾರೆ’ ಅಂತ. ಕೊಡಬೇಡಮ್ಮ, ಒಂದು ರೂಪಾಯೀನೂ ಕೊಡಬೇಡ. ಸರಿಯಾದ ಕಂಪ್ನಿ ಯಾವುದೂ ಕೆಲಸ ಕೊಡೋಕೆ ದುಡ್ಡು ಕೇಳಲ್ಲ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್ 2015ರಿಂದ ಇದೆ, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ, ಎರಡೂ ಕಡೆ ಹೆಸರು ನೋಂದಾಯಿಸೋಕೆ ದುಡ್ಡು ಬೇಡ. ಅಪ್ರೆಂಟಿಸ್ ಆಗೋದನ್ನೂ, ಅಂದ್ರೆ ಕಂಪ್ನಿಲಿ ಕೆಲಸ ಮಾಡ್ತಾ ಕಲಿಯೋದನ್ನೂ ಯೋಚನೆ ಮಾಡಿ. ಅಪ್ರೆಂಟಿಸ್ ಕಾಯ್ದೆ 1961ರದ್ದು, 2014ರ ತಿದ್ದುಪಡಿ ಆದ್ಮೇಲೆ ಬಿಎ, ಬಿಕಾಂ, ಬಿಎಸ್ಸಿಯವರಿಗೂ ಅವಕಾಶ ಇದೆ, ಐಟಿಐಯವರಿಗೆ ಮಾತ್ರ ಅಂತ ನಮ್ಮ ಕಡೆ ಇನ್ನೂ ಅಂದ್ಕೊಂಡಿದಾರೆ. ಸ್ಟೈಪೆಂಡೂ ಸಿಗುತ್ತೆ, ರೆಸ್ಯೂಮಿಗೆ ಒಂದು ಗಟ್ಟಿ ಸಾಲೂ ಸಿಗುತ್ತೆ.

ಹಿಂದಿನ ಬೆಂಚಿನ ಹುಡುಗ ಕೇಳ್ದ, ‘ಎರಡು ಸಬ್ಜೆಕ್ಟ್ ಬ್ಯಾಕ್ ಇದಾವೆ ಮೇಡಂ, ಮುಚ್ಚಿಡಲಾ?’ ಮುಚ್ಚಿಡಬೇಡಪ್ಪ. ಡಿಗ್ರಿ ಮುಂದೆ ‘ಕೊನೆ ಸೆಮಿಸ್ಟರ್, ಎರಡು ವಿಷಯ ಬಾಕಿ’ ಅಂತ ಇಷ್ಟೇ ಬರಿ, ಪರೀಕ್ಷೆ ಯಾವ ತಿಂಗಳು ಅನ್ನೋದೂ ಹಾಕು. ಡಿಗ್ರಿ ಪಾಸ್ ಆಗಲೇಬೇಕು ಅನ್ನೋ ಕೆಲಸಕ್ಕೆ ಈಗ ಹಾಕಬೇಡ, ಪಿಯುಸಿ ಸಾಕು ಅನ್ನೋ ಕೆಲಸಗಳೂ ಇದಾವೆ, ಸ್ಟೋರ್ಸ್, ಡಿಸ್ಪ್ಯಾಚ್, ಸೇಲ್ಸ್, ಅದಕ್ಕೆ ಹಾಕು, ಜೊತೆಗೆ ಪರೀಕ್ಷೆ ಕಟ್ಟು.

ಕೊನೇದು ಒಬ್ಬರು ಹೆಣ್ಣುಮಗಳು ಕೇಳಿದ್ದು, ಅವರು ವಿದ್ಯಾರ್ಥಿ ಅಲ್ಲ, ತಂಗಿ ಜೊತೆ ಬಂದಿದ್ರು. ಡಿಗ್ರಿ ಆದ್ಮೇಲೆ ಎರಡು ವರ್ಷ ಕೆಪಿಎಸ್‌ಸಿ, ಕೆಇಎ ಪರೀಕ್ಷೆಗೆ ಓದಿದ್ರಂತೆ, ಆಮೇಲೆ ಮದುವೆ, ಮಗು, ಈಗ ಮಗು ಸ್ಕೂಲಿಗೆ ಹೋಗ್ತಿದೆ. ಇಷ್ಟು ವರ್ಷದ ಗ್ಯಾಪ್ ಹೆಂಗೆ ತೋರ್ಸೋದು ಅಂತ ತುಂಬಾ ಸಂಕೋಚದಲ್ಲಿ ಕೇಳಿದ್ರು. ನಾನು ಹೇಳಿದ್ದು ಇಷ್ಟು: ಸರ್ಕಾರಿ ಪರೀಕ್ಷೆಗಳಲ್ಲಿ ಅವರದ್ದೇ ಅರ್ಜಿ ಫಾರ್ಮ್ ಇರುತ್ತೆ, ರೆಸ್ಯೂಮ್ ಕೇಳಲ್ಲ, ಅದಕ್ಕೇ ನಿಮಗೆ ಇದುವರೆಗೂ ಇದರ ಅಭ್ಯಾಸ ಆಗಿಲ್ಲ, ಅದರಲ್ಲಿ ತಪ್ಪೇನಿಲ್ಲ. ‘ಸ್ಪರ್ಧಾತ್ಮಕ ಪರೀಕ್ಷೆ ತಯಾರಿ’ ಅಂತ ಇಸವಿ ಹಾಕಿ ಒಂದು ಸಾಲು, ‘ಕುಟುಂಬದ ಜವಾಬ್ದಾರಿ’ ಅಂತ ಇಸವಿ ಹಾಕಿ ಒಂದು ಸಾಲು, ಅಷ್ಟೇ, ವಿವರಣೆ ಬೇಡ, ಕ್ಷಮೆ ಬೇಡ. ಆ ವರ್ಷಗಳಲ್ಲಿ ಬೇರೆ ಏನಾದ್ರೂ ಮಾಡಿದೀರಾ ಅಂತ ಕೇಳ್ದೆ. ಏನಿಲ್ಲ ಅಂದ್ರು. ಪಕ್ಕದಲ್ಲಿದ್ದ ತಂಗಿ, ‘ಅಕ್ಕ ಮನೇಲಿ ಹನ್ನೆರಡು ಮಕ್ಕಳಿಗೆ ಟ್ಯೂಷನ್ ಹೇಳ್ತಾಳೆ ಮೇಡಂ, ಎಸ್‌ಎಸ್‌ಎಲ್‌ಸಿ ಮ್ಯಾಥ್ಸು’ ಅಂದ್ಲು. ಅದನ್ನೇ ಮೊದಲ ಸಾಲಾಗಿ ಬರೆಸಿದೆ: ಎಷ್ಟು ಮಕ್ಕಳು, ಯಾವ ಕ್ಲಾಸು, ಯಾವ ವರ್ಷದಿಂದ.